ಮಾಮಾನ ಋಣ ಬೇರೆ, ರೊಟ್ಟಿಯ ಬಾಕಿ ಬೇರೆ

ಪತ್ರ: ನನಗೆ 37 ವರ್ಷ. ಹುಬ್ಬಳ್ಳಿಯಲ್ಲಿ ಐದು ವರ್ಷದಿಂದ ಜೋಳದ ರೊಟ್ಟಿ ಕೇಂದ್ರ ನಡೆಸುತ್ತಿದ್ದೇನೆ. ಎಂಟು ಮಂದಿ ಹೆಣ್ಣುಮಕ್ಕಳು ರೊಟ್ಟಿ ಬಡಿಯಲು ಬರುತ್ತಾರೆ. ಒಬ್ಬಳು ನನ್ನ ನೆಗೆಣ್ಣಿ, ಉಳಿದವರು ನಮ್ಮ ಓಣಿಯವರೇ. ಶುರು ಮಾಡುವಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಸೋದರಮಾವ ಒಬ್ಬರೇ 50,000 ರೂಪಾಯಿ ಕೈಗಿಟ್ಟು 'ಮಾಡು, ನಾ ಇದ್ದೀನಿ' ಅಂದರು. ಇವತ್ತಿನವರೆಗೂ ಅದನ್ನು ವಾಪಸ್ ಕೇಳಿಲ್ಲ. ಅವರು ಮದುವೆ ಅಡುಗೆಯ ಗುತ್ತಿಗೆ ಹಿಡಿಯುತ್ತಾರೆ. ರೊಟ್ಟಿ ನನ್ನಿಂದಲೇ ಒಯ್ಯುತ್ತಾರೆ. ಆದರೆ ಒಂದು ವರ್ಷದಿಂದ ಸರಿಯಾಗಿ ರೊಕ್ಕ ಕೊಡುತ್ತಿಲ್ಲ. ಬಾಕಿ 1,60,000 ಆಗಿದೆ. ಒಂದು ಹಾಸ್ಟೆಲ್‌ನವರು ಐದು ತಿಂಗಳಿಂದ 90,000 ಉಳಿಸಿಕೊಂಡಿದ್ದಾರೆ. ನಾನು ನಮ್ಮ ಹೆಣ್ಣುಮಕ್ಕಳಿಗೆ ಎರಡು ತಿಂಗಳ ಪಗಾರ ಕೊಟ್ಟಿಲ್ಲ, ಅದು 1,12,000. ಅವರಲ್ಲಿ ಒಬ್ಬರೂ ಕೇಳಿಲ್ಲ. ಆದರೆ ನಾನು ಒಳಗೆ ಹೋದರೆ ಮಾತು ನಿಲ್ಲಿಸುತ್ತಾರೆ. ಮುಂದಿನ ತಿಂಗಳು ಮಾಮಾನ ಮಗಳ ಮದುವೆ, 2,000 ರೊಟ್ಟಿ ಹೇಳಿದ್ದಾರೆ. ನಮ್ಮ ಮನೆಯವರು 'ಮುಚ್ಚಿಬಿಡು' ಅನ್ನುತ್ತಾರೆ. ಅವ್ವ ಕೊಟ್ಟ ಪಾಟ್ಲಿ ಅಡವಿಟ್ಟು ಪಗಾರ ಕೊಟ್ಟುಬಿಡಲೇ? ಮಾಮಾನನ್ನು ಕೇಳಿದರೆ ತವರಿನ ಬಾಗಿಲೇ ಮುಚ್ಚುತ್ತದೆ ಅನ್ನಿಸುತ್ತದೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ.
— ಹೆಸರು ಬೇಡ, ಹುಬ್ಬಳ್ಳಿ

ತಂಗಿ,

ನಿಮ್ಮ ಪತ್ರವನ್ನು ಎರಡು ಸಲ ಓದಿ, ಆಮೇಲೆ ಒಂದು ಹಾಳೆಯಲ್ಲಿ ನೀವು ಬರೆದ ಅಂಕಿಗಳನ್ನಷ್ಟೇ ಒಂದರ ಕೆಳಗೊಂದು ಬರೆದುಕೊಂಡೆ. ಮಾಮಾನಿಂದ ಬರಬೇಕಾದದ್ದು 1,60,000. ಅವರು ಅಂದು ಕೊಟ್ಟದ್ದು 50,000. ಕಳೆದರೆ 1,10,000. ನೀವು ಕೊಡಬೇಕಾದ ಪಗಾರ 1,12,000. ಎರಡೇ ಸಾವಿರದ ವ್ಯತ್ಯಾಸ! ಮಾಮಾನ 50,000ವನ್ನು ಪತ್ರದಲ್ಲಿ ಸಾಲ ಅಂತ ನೀವು ಎಲ್ಲೂ ಕರೆದಿಲ್ಲ. ಅವರ ಬಾಕಿಯ ಪಕ್ಕಕ್ಕೆ ಅದನ್ನು ಇಟ್ಟು ನೋಡಿಯೇ ಇಲ್ಲ. ನೋಡಲು ಮನಸ್ಸು ಬರಲಿಲ್ಲ ಅಂತ ಕಾಣುತ್ತದೆ, ಅಲ್ವಾ?

ಅದು ನನಗೆ ಅರ್ಥವಾಗುತ್ತದೆ. ಯಾರೂ ನಂಬದ ಹೊತ್ತಿನಲ್ಲಿ ಒಬ್ಬರು ನಂಬಿ ರೊಕ್ಕ ಕೊಟ್ಟರೆ ಆ ರೊಕ್ಕಕ್ಕೆ ಲೆಕ್ಕ ಇಡುವುದೇ ತಪ್ಪು ಅನ್ನಿಸುತ್ತದೆ. ಲೆಕ್ಕ ಇಡದೇ ಇದ್ದಾಗ ಏನಾಗುತ್ತದೆ ನೋಡಿ. ಐವತ್ತು ಸಾವಿರದ ಋಣ ತೀರಿಸಲು ನೀವು ಈಗಾಗಲೇ ಅದರ ಮೂರು ಪಟ್ಟು ರೊಟ್ಟಿ ಕೊಟ್ಟಿದ್ದೀರಿ. ಇನ್ನೂ ತೀರಿಲ್ಲ. ಹೀಗೇ ಹೋದರೆ ತೀರುವುದೂ ಇಲ್ಲ, ಯಾಕೆಂದರೆ ಎಷ್ಟಾದರೆ ತೀರಿತು ಅಂತ ನೀವಿಬ್ಬರೂ ಒಂದು ದಿನವೂ ಮಾತಾಡಿಲ್ಲ.

ಈಗ ನಿಮಗೆ ಸ್ವಲ್ಪ ನೋವಾಗುವ ಮಾತು ಹೇಳುತ್ತೇನೆ. ನೀವು ಮಾಮಾನನ್ನು ಯಾಕೆ ಕೇಳುತ್ತಿಲ್ಲ? ಅವರು ನಿಮ್ಮ ಕೈ ಹಿಡಿದವರು ಅಂತ. ಹಂಚಿನ ಮುಂದೆ ಕೂತ ಆ ಎಂಟು ಮಂದಿ ನಿಮ್ಮನ್ನು ಯಾಕೆ ಕೇಳುತ್ತಿಲ್ಲ? ನೀವು ಅವರ ಕೈ ಹಿಡಿದವರು ಅಂತ. ಮಾಮಾನ ಮುಂದೆ ನೀವು ಎಲ್ಲಿ ನಿಂತಿದ್ದೀರೋ, ನಿಮ್ಮ ಮುಂದೆ ಅವರು ಅಲ್ಲೇ ನಿಂತಿದ್ದಾರೆ. ಅವರೂ ರಾತ್ರಿ ಎದ್ದು ಕೂರುತ್ತಿರಬಹುದು. ಕಿರಾಣಿ ಅಂಗಡಿಯಲ್ಲಿ ಅವರಿಗೂ ಉದ್ರಿ ಬೆಳೆದಿರುತ್ತದೆ, ಮಕ್ಕಳ ಫೀಜು ನಿಂತಿರುತ್ತದೆ. ನೀವು ಒಳಗೆ ಬಂದಾಗ ಮಾತು ನಿಲ್ಲುವುದು ಸಿಟ್ಟಿಗಲ್ಲ ಅಂತ ನನಗನ್ನಿಸುತ್ತದೆ. ಅವರು ಬಹುಶಃ ಪಗಾರದ ಮಾತನ್ನೇ ಆಡುತ್ತಿರುತ್ತಾರೆ, ನಿಮ್ಮನ್ನು ಕಂಡರೆ ನಾಚಿಕೆಯಾಗಿ ಸುಮ್ಮನಾಗುತ್ತಾರೆ. ಕೇಳಬೇಕಾದವರು ನಾಚುತ್ತಿದ್ದಾರೆ. ಕೊಡಬೇಕಾದವರು ಮದುವೆಗೆ ಇನ್ನೂ 2,000 ರೊಟ್ಟಿ ಹೇಳಿ ಆರಾಮಾಗಿದ್ದಾರೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನು ನಾನು ಸ್ವಲ್ಪ ತಿರುಗಿಸಿ ಇಡುತ್ತೇನೆ. ಆ 1,10,000 ನಿಮ್ಮದಾಗಿದ್ದರೆ ಮಾಮಾಗೆ ಬಿಟ್ಟುಕೊಡುವ ಹಕ್ಕು ನಿಮಗಿತ್ತು. ಅದು ನಿಮ್ಮದಲ್ಲ. ಎಂಟು ಮಂದಿಯ ರಟ್ಟೆಯ ದುಡಿಮೆ ಅದು. ಅವರ ಪಗಾರದಲ್ಲಿ ನಿಮ್ಮ ಋಣ ತೀರಿಸಬೇಡಿ.

ನಮ್ಮವ್ವ ಜಂಪರ್ ಹೊಲಿಯುತ್ತಿದ್ದಳು. ಬಳಗದ ಒಬ್ಬರು ಮಗಳ ಮದುವೆಗೆ ಇಪ್ಪತ್ತಕ್ಕೂ ಜಾಸ್ತಿ ಜಂಪರ್ ಹೊಲಿಸಿಕೊಂಡು, ಆಮೇಲೆ ಕೊಡುತ್ತೇನೆ ಅಂದರು. ಅವ್ವ ಕೇಳಲಿಲ್ಲ. ನಮ್ಮವರು, ಹೇಗೆ ಕೇಳುವುದು ಅಂದಳು. ಸ್ವಲ್ಪ ದಿನಕ್ಕೆ ಅವರೇ ನಮ್ಮ ಮನೆ ಕಡೆ ಬರುವುದು ಬಿಟ್ಟರು, ಬಾಕಿ ನೆನಪಾಗುತ್ತದಲ್ಲ. ಅವ್ವನೂ ಅವರ ಓಣಿಗೆ ಹೋಗುವುದು ಬಿಟ್ಟಳು. ಎರಡು ಮನೆ ದೂರವಾದವು, ಒಂದು ದಿನವೂ ಜಗಳ ಆಗಲಿಲ್ಲ. ಮಾಮಾ ಈಗಲೂ ನಿಮ್ಮ ಮನೆಗೆ ಬರುತ್ತಿದ್ದಾರೆ ತಾನೇ? ಬರುವುದು ನಿಲ್ಲುವ ಮೊದಲೇ ಕೇಳಿ.

ಹೇಗೆ ಕೇಳುವುದು? ಫೋನಿನಲ್ಲಿ ಬೇಡ. ವಾಟ್ಸಾಪ್‌ನಲ್ಲಿ ಅಂತೂ ಬೇಡವೇ ಬೇಡ, ಅದನ್ನು ಇನ್ಯಾರಿಗೋ ತೋರಿಸಿ ಮಾತು ಬೆಳೆಯುತ್ತದೆ. ಮದುವೆಯ ಗಡಿಬಿಡಿ ಏರುವ ಮೊದಲು, ಈ ವಾರವೇ ಒಂದು ಮುಂಜಾನೆ ಮನೆಗೆ ಹೋಗಿ. ಅತ್ತೆ, ಮಕ್ಕಳು ಎಲ್ಲರೂ ಕೂತಾಗ ಅಲ್ಲ, ಅವರೊಬ್ಬರೇ ಸಿಕ್ಕಾಗ. ರೊಟ್ಟಿಯ ಲೆಕ್ಕದ ವಹಿ ಜೊತೆಗಿರಲಿ. ನಿಮ್ಮ ಮಾತಲ್ಲೇ ಹೇಳಿ: 'ಮಾಮಾ, ನೀವು ಕೊಟ್ಟ ರೊಕ್ಕದಿಂದ ನಾ ಇಲ್ಲಿತನಕ ಬಂದೀನಿ. ಅದನ್ನ ಸಾಯೂತನಕ ಮರಿಯೂದಿಲ್ಲ. ಆದ್ರ ನಮ್ಮ ಹೆಣ್ಮಕ್ಕಳ ಪಗಾರ ಎರಡು ತಿಂಗಳಾತು, ಕೊಟ್ಟಿಲ್ಲ. ನಿಮ್ಮ ಐವತ್ತು ಸಾವಿರ ಇದರಾಗ ಮುರ್ಕೋರಿ. ಉಳಿದದ್ದನ್ನ ಎರಡು ಸಲ ಮಾಡಿ ಕೊಡ್ರಿ.' ಅಷ್ಟು ಹೇಳಿ ಸುಮ್ಮನೆ ಕೂಡಿ. ಅವರು ಮಾತಾಡುವವರೆಗೂ ಕಾಯಿರಿ. 'ಇರಲಿ ಬಿಡ್ರಿ, ಆದಾಗ ಕೊಡ್ರಿ' ಅನ್ನುವ ಮಾತು ಬಾಯಿಗೆ ಬಂದೇ ಬರುತ್ತದೆ. ಅದನ್ನು ನುಂಗಿಕೊಳ್ಳಿ.

ಐವತ್ತು ಸಾವಿರ ಮುರಿದುಕೊಳ್ಳಿ ಅಂದಾಗ ಅವರಿಗೆ ಸ್ವಲ್ಪ ಬೇಜಾರಾಗಬಹುದು. 'ನಾ ಏನು ಸಾಲ ಅಂತ ಕೊಟ್ಟಿದ್ನೇನು' ಅನ್ನಬಹುದು. ಅನ್ನಲಿ. ನಿಮ್ಮ ಋಣ ಅವರು ಅವತ್ತು ಅಂದ ಮಾತಿಗೆ, 'ನಾ ಇದ್ದೀನಿ' ಅಂದದ್ದಕ್ಕೆ. ಅದನ್ನು ರೂಪಾಯಿಯಲ್ಲಿ ತೀರಿಸಲು ಬರುವುದಿಲ್ಲ, ತೀರಿಸಬೇಕಾಗಿಯೂ ಇಲ್ಲ. ಐವತ್ತು ಸಾವಿರ ಮಾತ್ರ ವಹಿಯಿಂದ ಹೋಗಬೇಕು. ಅದು ಹೋದ ಮೇಲೆ ಮಾಮಾನ ಮುಂದೆ ನೀವು ಮತ್ತೆ ಸೊಸೆಯಾಗಿ ಕೂರಬಹುದು.

ಪಾಟ್ಲಿ ವಿಷಯ. ಮಾಮಾಗೆ ಮುಜುಗರ ಆಗಬಾರದು ಅಂತ ಅದನ್ನು ಅಡವಿಡಬೇಡಿ. ಮೊದಲು ಕೇಳಿ. ಹದಿನೈದು ದಿನ ಕಾದರೂ ಅರ್ಧವಾದರೂ ಬರದಿದ್ದರೆ ಆಗ ಇಡಿ, ಏಕೆಂದರೆ ಪಗಾರ ಇನ್ನು ಕಾಯಲಾರದು. ಆದರೆ ಆ ದಿನದಿಂದ ಮಾಮಾಗೆ ಉದ್ರಿ ರೊಟ್ಟಿ ನಿಲ್ಲಬೇಕು. ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ಹಾಸ್ಟೆಲ್‌ನವರ ಜೊತೆ ಇಷ್ಟೆಲ್ಲ ಸಂಕೋಚ ಬೇಕಾಗಿಲ್ಲ. ನಿಮ್ಮ ಬಳಿ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದ ನೋಂದಣಿ, ಇದೆಯೇ? ಆಧಾರ್, ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ಪುಕ್ಕಟೆ ಆಗುತ್ತದೆ, ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ನಿಮ್ಮಂಥ ಸಣ್ಣ ಉದ್ಯಮದಿಂದ ಸರಕು ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ರೊಕ್ಕ ಕೊಡಬೇಕು. ಬರಹದಲ್ಲಿ ಕರಾರು ಇಲ್ಲದಿದ್ದರೆ 15 ದಿನವೇ ಗಡುವು. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನೋಂದಣಿ ಮೊದಲೇ ಆಗಿದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು, ಇಂಥ ಬಾಕಿಯ ತಕರಾರು ಬಗೆಹರಿಸಲು ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್ ಇದೆ. ಆಗಿರದಿದ್ದರೆ ಈ ವಾರವೇ ಮಾಡಿಸಿ, ಮುಂದಿನ ಬಿಲ್ಲುಗಳಿಗಾದರೂ ಬಲ ಬರುತ್ತದೆ. ಇನ್ನೊಂದು ಮಾತು. ಈಗ ಆದಾಯ ತೆರಿಗೆಯಲ್ಲೂ ಒಂದು ನಿಯಮ ಇದೆ. ಇಂಥ ಸಣ್ಣ ಉದ್ಯಮದವರಿಗೆ ಗಡುವಿನೊಳಗೆ ಕೊಡದ ಮೊತ್ತವನ್ನು, ಕೊಡುವವರೆಗೂ ಖರ್ಚು ಅಂತ ತೋರಿಸಲು ಬರುವುದಿಲ್ಲ. ಹಾಸ್ಟೆಲ್‌ನವರ ಆಡಿಟರ್‌ಗೆ ಇದು ಗೊತ್ತಿರುತ್ತದೆ. ಬಾಕಿ ಪಟ್ಟಿಯ ಕೆಳಗೆ ಉದ್ಯಮ್ ನಂಬರ್ ಬರೆದು ಒಂದು ಪತ್ರ ಕಳಿಸಿ ನೋಡಿ. ಎಷ್ಟೋ ಸಲ ದೂರಿನವರೆಗೂ ಹೋಗಬೇಕಾಗುವುದಿಲ್ಲ.

ಮನೆಯವರು ಮುಚ್ಚಿಬಿಡು ಅನ್ನುತ್ತಾರೆ ಅಂತ ಬರೆದಿದ್ದೀರಿ. ಆರ್ಡರ್ ಕಡಿಮೆಯಾಗಿದೆ ಅಂತ ನೀವು ಎಲ್ಲೂ ಬರೆದಿಲ್ಲ. ಮಾಮಾನದ್ದು, ಹಾಸ್ಟೆಲ್‌ನದ್ದು ಸೇರಿದರೆ ಎರಡೂವರೆ ಲಕ್ಷ ಹೊರಗಿದೆ. ಅಮರಗೋಳದ ಎಪಿಎಂಸಿಯಲ್ಲಿ ಬಿಳಿಜೋಳ ಯಾರೂ ನಿಮಗೆ ಐದು ತಿಂಗಳು ಉದ್ರಿ ಕೊಡುವುದಿಲ್ಲ. ಸಿಲಿಂಡರ್‌ನವನೂ ಕೊಡುವುದಿಲ್ಲ. ತರುವುದೆಲ್ಲ ನಗದು, ಮಾರುವುದೆಲ್ಲ ಉದ್ರಿ. ನಡುವೆ ಸಿಕ್ಕಿಕೊಂಡದ್ದು ಪಗಾರ. ನಿಮ್ಮ ಮನೆಯವರಿಗೆ ಕಾಣುವುದು ಖಾಲಿ ಡಬ್ಬಿ, ನಿದ್ದೆಗೆಟ್ಟ ಹೆಂಡತಿ. ಮುಚ್ಚು ಅನ್ನುವುದು ಕಾಳಜಿಯ ಮಾತೇ ಇರಬಹುದು. ವಹಿ ಅವರ ಮುಂದೆಯೂ ತೆರೆದಿಡಿ. ಬರಬೇಕಾದದ್ದು ಬಂದ ಮೇಲೆ ಮೂರು ತಿಂಗಳು ನಡೆಸಿ, ಆಗಲೂ ಉಳಿಯದಿದ್ದರೆ ಮುಚ್ಚುವ ಮಾತು ಆಡೋಣ.

ಇನ್ನು ಆ ಎಂಟು ಮಂದಿ. ಇದಕ್ಕೆ ಮಾಮಾನ ಉತ್ತರ ಬರುವವರೆಗೂ ಕಾಯಬೇಡಿ, ನಾಳೆಯೇ ಮಾಡಿ. ಕೆಲಸ ಮುಗಿದ ಮೇಲೆ ಎಲ್ಲರನ್ನೂ ಕೂರಿಸಿ, ಚಹಾ ಮಾಡಿ, ವಹಿ ತೆರೆಯಿರಿ. ಇಷ್ಟು ಬರಬೇಕು, ಇಷ್ಟು ನಿಮಗೆ ಕೊಡಬೇಕು, ಇಂಥ ದಿನ ಕೇಳಲು ಹೋಗುತ್ತೇನೆ ಅಂತ ಹೇಳಿ. ಮಾಮಾನ ಹೆಸರು ಹೇಳಬೇಕಾಗಿಲ್ಲ, ಅದು ಅವರಿಗೆ ಗೊತ್ತೇ ಇರುತ್ತದೆ. ಕ್ಷಮೆ ಕೇಳಿ, ಒಂದೇ ಸಲ, ನೇರವಾಗಿ. ಅಳು ಬಂದರೆ ಅಳಿ. ಆದರೆ ಅವರು 'ಇರಲಿ ಬಿಡವಾ' ಅಂದ ತಕ್ಷಣ ವಹಿ ಮುಚ್ಚಬೇಡಿ. ಯಾರಿಗೆ ತುರ್ತು ಇದೆ ಅಂತ ಕೇಳಿ. ಕೈಗೆ ಬಂದ ಮೊದಲ ರೊಕ್ಕ ಅವರಿಗೆ.

ಹಪ್ಪಳದ ಲಿಜ್ಜತ್ ನಿಮಗೆ ಗೊತ್ತಿರುತ್ತದೆ. 1959ರ ಮಾರ್ಚ್ 15ರಂದು ಮುಂಬೈನ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸಲು ಕೂತರು. ಮೊದಲ ವರ್ಷ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವೇ ನಿಂತಿತು. ಮರುವರ್ಷ ಒಂದು ಮಂಚ, ಒಂದು ಸ್ಟೋವ್ ತಂದರು. ಮಂಚದ ಮೇಲೆ ಹಪ್ಪಳ, ಕೆಳಗೆ ಸ್ಟೋವ್. ಅಲ್ಲಿ ಹಪ್ಪಳ ಲಟ್ಟಿಸುವವರನ್ನು ಆಳು ಅನ್ನುವುದಿಲ್ಲ, ಎಲ್ಲರೂ ಒಡತಿಯರೇ. ಲಾಭ ಬಂದರೆ ಎಲ್ಲರಿಗೂ, ನಷ್ಟವಾದರೂ ಎಲ್ಲರಿಗೂ. ನಿಮ್ಮ ಕೇಂದ್ರವನ್ನು ಹಾಗೆ ಮಾಡಿ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಎಂಟು ಮಂದಿ ಈಗ ನಷ್ಟವನ್ನು ಹಂಚಿಕೊಂಡಿದ್ದಾರೆ, ಎರಡು ತಿಂಗಳ ಪಗಾರದಷ್ಟು. ಲೆಕ್ಕವನ್ನು ಮಾತ್ರ ಯಾರೂ ಅವರಿಗೆ ತೋರಿಸಿಲ್ಲ. ತೋರಿಸಿದರೆ ಮಂಚ-ಸ್ಟೋವ್‌ನಂಥ ಉಪಾಯ ಅವರಲ್ಲೇ ಯಾರಿಗಾದರೂ ಹೊಳೆಯಬಹುದು. ಯಾವ ಖಾನಾವಳಿಯವರು ನಗದು ಕೊಟ್ಟು ರೊಟ್ಟಿ ಒಯ್ಯುತ್ತಾರೆ ಅಂತ ನಿಮ್ಮ ನೆಗೆಣ್ಣಿಗೆ ನಿಮಗಿಂತ ಚೆನ್ನಾಗಿ ಗೊತ್ತಿರಬಹುದು.

ನಿದ್ದೆಯ ಮಾತನ್ನು ಹಗುರ ಮಾಡಬೇಡಿ. ಎದೆ ಭಾರ ಇಳಿಯದಿದ್ದರೆ, ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, ಪುಕ್ಕಟೆ. ಕನ್ನಡದಲ್ಲೇ ಮಾತಾಡುತ್ತಾರೆ. ರಾತ್ರಿ ಮೂರು ಗಂಟೆಗೂ ಎತ್ತುತ್ತಾರೆ.

ಕೊನೆಗೆ ಮದುವೆಯ 2,000 ರೊಟ್ಟಿ. ಇನ್ನೂರು ನಿಮ್ಮ ಮುಯ್ಯಿ ಅಂತ ಮೊದಲೇ ಹೇಳಿಬಿಡಿ. ಸೋದರಮಾವನ ಮಗಳು, ಪ್ರೀತಿಯಿಂದ ಕೊಡಿ. ಆದರೆ ಆ ಇನ್ನೂರು ಬಡಿದವರ ಕೂಲಿ ನಿಮ್ಮ ಕೈಯಿಂದ ಹೋಗಲಿ. ಉಳಿದ 1,800ಕ್ಕೆ ಅರ್ಧ ಮುಂಗಡ ಕೇಳಿ. ಬಾಕಿಯ ಮಾತಾಡಲು ಹೋದ ದಿನವೇ ಇದನ್ನೂ ಮುಗಿಸಿ, ಎರಡು ಸಲ ಎದೆ ಗಟ್ಟಿ ಮಾಡಿಕೊಳ್ಳುವುದು ಬೇಡ. ಆಮೇಲೆ ಮದುವೆಗೆ ಹೋಗಿ, ತಪ್ಪಿಸಬೇಡಿ. ನಿಮ್ಮ ಹೆಣ್ಣುಮಕ್ಕಳನ್ನೂ ಕರೆಯಲು ಮಾಮಾಗೆ ಹೇಳಿ. ಊಟದ ಪಂಕ್ತಿಯಲ್ಲಿ ಅವರು ಬಡಿದ ರೊಟ್ಟಿಯನ್ನೇ ಬಡಿಸುತ್ತಾರಲ್ಲ, ಅವರೂ ಕೂತು ಉಣ್ಣಲಿ.