ದಾರ ಅದೇ, ಪಕ್ಕದ ಬಣ್ಣ ಬೇರೆ

ಪ್ರಶ್ನೆ: ನಾನು ಸೀರೆಗಳಿಗೆ ಕುಚ್ಚು ಹಾಕುತ್ತೇನೆ. ಒಂದೇ ಉಂಡೆಯ ಕಪ್ಪು ದಾರ ಹಳದಿ ಸೀರೆಗೆ ಹಾಕಿದರೆ ಅಚ್ಚ ಕಪ್ಪಾಗಿ ಕಾಣುತ್ತದೆ. ಕಡುನೀಲಿ ಸೀರೆಯಲ್ಲಿ ಮಾಸಿದ ಹಾಗಿರುತ್ತದೆ. ‘ಹಳೇ ದಾರ ಹಾಕಿದ್ದೀರಾ’ ಅಂತ ಗಿರಾಕಿ ಜಗಳ ತೆಗೆದರು. ತಪ್ಪು ಯಾರದು?
– ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ನಿಮ್ಮದೂ ಅಲ್ಲ, ದಾರದ್ದೂ ಅಲ್ಲ ಅಕ್ಕಾ. ಇದೇ ದೂರು ಸುಮಾರು 200 ವರ್ಷದ ಹಿಂದೆ ಪ್ಯಾರಿಸ್‌ನ ಗೋಬ್ಲಾಂ ನೇಯ್ಗೆ ಕಾರ್ಖಾನೆಗೂ ಬಂದಿತ್ತು. ಅಲ್ಲಿ ಬಣ್ಣ ಹಾಕುವ ವಿಭಾಗಕ್ಕೆ 1824ರಲ್ಲಿ ಮುಖ್ಯಸ್ಥರಾದವರು ಷೆವ್ರೂಲ್ ಎಂಬ ರಸಾಯನ ವಿಜ್ಞಾನಿ. ಕಪ್ಪು ನೂಲು ಪೇಲವ ಅಂತ ನೇಕಾರರು ದೂರುತ್ತಿದ್ದರು. ಷೆವ್ರೂಲ್ ಬೇರೆ ಕಡೆಯ ಕಪ್ಪು ನೂಲುಗಳ ಜೊತೆ ಹೋಲಿಸಿ ನೋಡಿದರು. ಬಣ್ಣ ಸರಿಯಾಗೇ ಇತ್ತು. ಪಕ್ಕದಲ್ಲಿದ್ದ ನೀಲಿ, ನೇರಳೆಗಳೇ ಅದರ ಕಳೆ ಕೆಡಿಸಿದ್ದವು!

ನಮ್ಮ ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ. ಪಕ್ಕದ್ದರ ಜೊತೆ ಹೋಲಿಸಿಯೇ ನೋಡುತ್ತದೆ. ನೀಲಿಯ ಪಕ್ಕದ ಕಪ್ಪಿಗೆ ನೀಲಿಯ ಎದುರು ಬಣ್ಣವಾದ ಕಿತ್ತಳೆಯ ಛಾಯೆ ಬಂದಂತಾಗಿ, ಅದು ಮಾಸಿದ ಹಾಗೆ ಕಾಣುತ್ತದೆ. ಷೆವ್ರೂಲ್ ಇದನ್ನೆಲ್ಲ 1839ರಲ್ಲಿ ಪ್ರಕಟಿಸಿದರು. ಆಮೇಲೆ ಚುಕ್ಕೆ ಚುಕ್ಕೆಯಾಗಿ ಚಿತ್ರ ಬರೆದ ಸ್ಯೂರಾ ಅದನ್ನು ಓದಿ ಕಲಿತರು. ನೇಯ್ಗೆ ಕಾರ್ಖಾನೆಯ ದೂರೊಂದು ಚಿತ್ರಕಲೆಯನ್ನೇ ಬದಲಿಸಿತು ಅಂದರೆ ನನಗೆ ಈಗಲೂ ರೋಮಾಂಚನ.

ಗಿರಾಕಿ ಮತ್ತೆ ಬಂದರೆ ಬಿಳಿ ಹಾಳೆಯಲ್ಲಿ ಎರಡು ಸಣ್ಣ ತೂತು ಮಾಡಿ. ಒಂದರಲ್ಲಿ ನೀಲಿ ಸೀರೆಯ ಕುಚ್ಚು, ಇನ್ನೊಂದರಲ್ಲಿ ಹಳದಿ ಸೀರೆಯದು ಮಾತ್ರ ಕಾಣಲಿ. ಎರಡೂ ಒಂದೇ ಅಂತ ಅವರೇ ಹೇಳುತ್ತಾರೆ. ಮುಂದೆ ದಾರ ಆರಿಸುವಾಗ ಉಂಡೆಯನ್ನು ಸೀರೆಯ ಮೇಲೇ ಇಟ್ಟು, ಹಗಲು ಬೆಳಕಿನಲ್ಲಿ ತೋರಿಸಿ ಒಪ್ಪಿಗೆ ತಗೊಳ್ಳಿ.