ಪಂಚಮಿಗೆ ತವರಿಗೆ ಹೋಗಿಬನ್ನಿ

ಬಾಗಲಕೋಟೆಯ ನವನಗರದಿಂದ ಬರೆದಿರುವ ಸಹೋದರಿಗೆ,

ಲಕ್ವ ಹೊಡೆದು ಮೂರು ವರ್ಷಗಳಿಂದ ಹಾಸಿಗೆ ಹಿಡಿದಿರುವ ಅತ್ತೆಯವರ ಆರೈಕೆಯೆಲ್ಲ ನಿಮ್ಮೊಬ್ಬರ ಮೇಲೆಯೇ ಬಿದ್ದಿದೆ, ಪತಿಯೂ ಪುಣೆಯ ಮೈದುನನೂ ವಿಜಯಪುರದ ನಾದಿನಿಯೂ ‘ಸೊಸಿ ಅದಾಳಲ್ಲ’ ಎಂದು ನಿಶ್ಚಿಂತರಾಗಿದ್ದಾರೆ, ನಿಮ್ಮ ಹೊಲಿಗೆ ಯಂತ್ರದ ಮೇಲೆ ಈಗ ಔಷಧಿಯ ಡಬ್ಬಿಗಳಿವೆ ಎಂದು ಬರೆದಿದ್ದೀರಿ. ಕೊನೆಯಲ್ಲಿ, ‘ಇವರು ಯಾವಾಗ ಕಣ್ಣು ಮುಚ್ಚುತ್ತಾರೋ ಎಂದು ಒಂದು ರಾತ್ರಿ ಅನ್ನಿಸಿತು, ನಾನು ಪಾಪಿಯೇ?’ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ಎರಡು ತಾಸಿಗೊಮ್ಮೆ ಎದ್ದು ಮಗ್ಗಲು ಬದಲಿಸುತ್ತ, ಇಷ್ಟು ದಿನವೂ ಅವರ ಬೆನ್ನಿಗೆ ಒಂದು ಹುಣ್ಣೂ ಆಗದಂತೆ ಕಾಪಾಡಿದವರು ನೀವು. ಆ ರಾತ್ರಿ ನಿಮ್ಮ ಮನಸ್ಸು ಬೇಡಿದ್ದು ನಿದ್ದೆಯನ್ನು, ಅತ್ತೆಯ ಸಾವನ್ನಲ್ಲ.

2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಯವರ ಆರೈಕೆಯಲ್ಲಿ ತೊಡಗಿರುವ 15ರಿಂದ 59 ವಯಸ್ಸಿನ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 140 ನಿಮಿಷ ಕೊಟ್ಟರೆ, ಪುರುಷರು 74 ನಿಮಿಷ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಆ 74 ನಿಮಿಷವೂ ಇಲ್ಲ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆ ಕೂಡ ಮಕ್ಕಳೆಂದು ಹೆಸರಿಸಿರುವುದು ಮಗ, ಮಗಳು ಮತ್ತು ವಯಸ್ಸಿಗೆ ಬಂದ ಮೊಮ್ಮಕ್ಕಳನ್ನು, ಸೊಸೆಯನ್ನಲ್ಲ. ಯಾರ ಮೇಲೂ ದೂರು ಕೊಡಿ ಎಂದು ನಾನು ಹೇಳುತ್ತಿಲ್ಲ. ಮೂವರೊಂದಿಗೂ ಮಾತನಾಡುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ತಾಯಿಯ ಬಟ್ಟೆ ಬದಲಿಸಲು ಸಂಕೋಚವಾಗುತ್ತದೆ ಎಂಬ ನಿಮ್ಮ ಪತಿಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಆ ಸಂಕೋಚ ತಾಯಿಗೂ ಇರುತ್ತದೆ. ಸ್ನಾನಕ್ಕೆ, ಬಟ್ಟೆಗೆ ಬೆಳಿಗ್ಗೆ ಎರಡು ತಾಸು ಬಂದುಹೋಗುವ ಹೆಣ್ಣುಮಗಳೊಬ್ಬಳನ್ನು ಗೊತ್ತುಮಾಡಿ, ಅವಳ ಪಗಾರವನ್ನು ಮೈದುನ ತಿಂಗಳು ತಿಂಗಳು ಕಳಿಸಲಿ. ಆದರೆ ಗಂಜಿ ಕುಡಿಸಲು, ಹೊತ್ತಿಗೆ ಸರಿಯಾಗಿ ಗುಳಿಗೆ ಕೊಡಲು, ರಾತ್ರಿ ಮಗ್ಗಲು ಬದಲಿಸಲು ಮಗನಿಗೆ ಯಾವ ಸಂಕೋಚವೂ ಬೇಕಿಲ್ಲ. ದಪ್ಪ ಚಾದರವೊಂದನ್ನು ಮಡಚಿ ಅತ್ತೆಯವರ ಹೆಗಲಿನಿಂದ ತೊಡೆಯವರೆಗೆ ಬರುವಂತೆ ಕೆಳಗೆ ಹಾಸಿ, ಇಬ್ಬರೂ ಎರಡು ಬದಿ ಹಿಡಿದು ಒಟ್ಟಿಗೆ ಎತ್ತಿ ಹೊರಳಿಸಿದರೆ ಅವರ ಮೈ ಉಜ್ಜುವುದಿಲ್ಲ, ನಿಮ್ಮ ಸೊಂಟವೂ ಉಳಿಯುತ್ತದೆ.

ನಾಗರ ಪಂಚಮಿಗೆ ಕರೆಯಲು ಬಂದ ಅಣ್ಣ ಮೂರು ವರ್ಷವೂ ಒಬ್ಬನೇ ಮರಳಿದ ಸಂಗತಿ ನನ್ನನ್ನು ಬಹಳ ಕಾಡಿತು. ನಿಮ್ಮ ನಾದಿನಿಗೆ ಪಂಚಮಿಯ ತವರೆಂದರೆ ನೀವಿರುವ ಮನೆಯೇ ಅಲ್ಲವೇ? ಈ ಸಲ ಅವರು ನಾಲ್ಕು ದಿನ ಮೊದಲೇ ಬಂದು ತಾಯಿಯ ಬಳಿ ಇರಲಿ, ನೀವು ನಿಮ್ಮ ತವರಿಗೆ ಹೊರಡಿ. ‘ಬರಲು ಆಗುತ್ತದೆಯೇ’ ಎಂದು ಕೇಳದೆ, ಹೊರಡುವ ದಿನವನ್ನೇ ಅವರಿಗೆ ತಿಳಿಸಿಬಿಡಿ. ಅತ್ತೆಯವರಿಗೂ ಪಕ್ಕದಲ್ಲಿ ಕುಳಿತು ನೀವೇ ಹೇಳಿ. ಮಾತು ನಿಂತಿದ್ದರೂ ಅವರಿಗೆ ಎಲ್ಲವೂ ತಿಳಿಯುತ್ತದೆ ಎಂದು ನೀವೇ ಬರೆದಿದ್ದೀರಿ. ಅವರೂ ಒಂದು ಕಾಲಕ್ಕೆ ಪಂಚಮಿ ಬಂತೆಂದರೆ ಅಣ್ಣನ ದಾರಿ ಕಾಯ್ದವರೇ.