ಮಳೆ ಮುಗಿಯಲಿ, ಆಮೇಲೆ ವಿಂಡೋಸ್ 11

ಪ್ರಶ್ನೆ: ಮನೆ ಕಂಪ್ಯೂಟರ್‌ನಲ್ಲಿ ವಿಂಡೋಸ್ 10 ಇದೆ. ಅಡಿಕೆ ತೋಟದ ಲೆಕ್ಕ, ಸಂಘದ ಪತ್ರ ಎಲ್ಲ ಕನ್ನಡ ಟೈಪ್ ಮಾಡುವ ಹಳೇ ‘ನುಡಿ’ ತಂತ್ರಾಂಶದಲ್ಲಿವೆ. 11ಕ್ಕೆ ಬದಲಾಯಿಸಿ ಅಂತ ಅದು ಕೇಳುತ್ತಲೇ ಇದೆ. ಯಾವಾಗ ಹಾಕಲಿ ಸಾರ್?
– ಓದುಗರು, ತೀರ್ಥಹಳ್ಳಿ

ಉತ್ತರ: ಹಾಕಿ, ಆದರೆ ಆರಿದ್ರಾ ಮಳೆ ಹೊಡೆಯುವಾಗ ಬೇಡ. ನಿಮ್ಮ ಕಡೆ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ ಅಲ್ವಾ? ಅರ್ಧ ಅಪ್‌ಗ್ರೇಡ್ ಆದಾಗ ಯುಪಿಎಸ್ ಕೈಕೊಟ್ಟರೆ ತಲೆನೋವು.

ಹಾಗಂತ ವರ್ಷಗಟ್ಟಲೆ ಮುಂದೂಡಬೇಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಕಂಪ್ಯೂಟರ್ ನಿಂತುಹೋಗಲ್ಲ. ಆದರೆ ಹೊಸದಾಗಿ ಸಿಗುವ ಭದ್ರತಾ ಲೋಪಗಳಿಗೆ ತೇಪೆ ಮಾಮೂಲಾಗಿ ಬರಲ್ಲ. ಅದರಲ್ಲೇ ಬ್ಯಾಂಕ್ ವ್ಯವಹಾರ ಮಾಡೋದು ನನಗಂತೂ ಸರಿ ಕಾಣಲ್ಲ.

ಮೊದಲು, ನಿಮ್ಮ ಕಂಪ್ಯೂಟರ್‌ಗೆ 11 ಹೊಂದುತ್ತದಾ ಅಂತ ನೋಡಿ ಹೇಳುವ ಮೈಕ್ರೋಸಾಫ್ಟ್‌ನ ‘ಪಿಸಿ ಹೆಲ್ತ್ ಚೆಕ್’ ಓಡಿಸಿ. ‘ಟಿಪಿಎಂ 2.0 ಇಲ್ಲ’ (ಅದು 11ಕ್ಕೆ ಬೇಕಾದ ಭದ್ರತಾ ವ್ಯವಸ್ಥೆ) ಎಂದರೆ ಗಾಬರಿ ಬೇಡ. ಎಷ್ಟೋ ಮಷೀನ್‌ಗಳಲ್ಲಿ ಅದು ಇದ್ದೂ ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಮೂಲ ಸೆಟ್ಟಿಂಗ್ಸ್) ಆಫ್ ಆಗಿರುತ್ತದೆ. ಪ್ರೊಸೆಸರ್ರೇ ಹಳೆಯದಾದರೆ ಮಾತು ಬೇರೆ. ಇಂಟೆಲ್‌ನದಾದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದಾದರೂ ಬೇಕು. ಇಲ್ಲದಿದ್ದರೆ ಹೇಗೋ ಒತ್ತಾಯ ಮಾಡಿ ಹಾಕಿಕೊಡುವವರು ಸಿಗುತ್ತಾರೆ, ಸುಮ್ನೆ ಬೇಡ.

ನಿಮ್ಮ ನಿಜವಾದ ಆಸ್ತಿ ಆ ನುಡಿ ಫೈಲುಗಳು. ಹಳೇ ಫೈಲುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ‘ಅಡಿಕೆ’ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಫೈಲುಗಳ ಜೊತೆ ನುಡಿಯ ಇನ್‌ಸ್ಟಾಲರ್, ಫಾಂಟುಗಳನ್ನೂ ಪೆನ್‌ಡ್ರೈವ್‌ಗೆ ಹಾಕಿಡಿ.

ಅಪ್‌ಗ್ರೇಡ್ ಆದ ದಿನವೇ ಪತ್ರವೊಂದನ್ನು ಪ್ರಿಂಟ್ ತೆಗೆದು ನೋಡಿ. ಹೊಂದಲಿಲ್ಲವೆಂದರೆ 10 ದಿನದೊಳಗೆ ಸೆಟ್ಟಿಂಗ್ಸ್‌ನಲ್ಲಿ ‘ಗೋ ಬ್ಯಾಕ್’ ಒತ್ತಿ ಹಳೆಯದಕ್ಕೆ ಮರಳಬಹುದು.